ಚೀಟಿ ಬದಲಾಯಿಸುವ ದಿನ

ಕಾಲೇಜಿನ ಮ್ಯೂಸಿಯಮ್ಮಿಗೆ ವರ್ಷಕ್ಕೊಮ್ಮೆ ತಪಾಸಣೆ.
ಅದಕ್ಕೆ ಮುಂಚೆ ನಾನು ಜಾಡಿಗಳ ಕತ್ತು ಒರೆಸಬೇಕು,
ಇಂಗಿದಷ್ಟು ಫಾರ್ಮಲಿನ್ ತುಂಬಬೇಕು,
ಜಿರಲೆ ತಿಂದ ಚೀಟಿ ಬದಲಾಯಿಸಬೇಕು.
ಹದಿನೆಂಟು ವರ್ಷದಿಂದ ಇದೇ.
ಬುತ್ತಿಯ ಮೊಸರನ್ನಕ್ಕೂ ಅದರದೇ ವಾಸನೆ
ಅನ್ನುತ್ತಾಳೆ ನನ್ನಾಕೆ.

ಈ ಸಲ ಮೂರನೆಯ ಬೀರುವಿನಲ್ಲಿ ಒಂದು ತೊಡಕು.
ಮೇಲಿನ ಹಲಗೆಯಲ್ಲಿ ಮೊಣಕೈಯುದ್ದದ ಶಂಖ,
ಕೌಜುಗದ ರೆಕ್ಕೆಯ ಹಾಗೆ ಕಂದು ಮಚ್ಚೆ.
ಚೀಟಿ: ಟ್ರೈಟನ್.
ಕೆಳಗಿನ ಹಲಗೆಯಲ್ಲಿ, ಜಾಡಿಯೊಳಗೆ,
ಹಲ್ಲಿಯಂಥದು, ಹಲ್ಲಿಯಲ್ಲ;
ಕಪ್ಪೆಯ ಕಡೆಯ ನೆಂಟ,
ಬಾಲ ಮಾತ್ರ ಬಿಟ್ಟುಕೊಟ್ಟಿಲ್ಲ.
ಚೀಟಿ: ಟ್ರೈಟನ್.

ಯಾರು ತಪ್ಪು ಬರೆದದ್ದು?
ಸೆಲೀನಾ ಮೇಡಂ ಕನ್ನಡಕ ಹಣೆಗೇರಿಸಿದರು.
"ಯಾರೂ ಅಲ್ಲ ಮಾದೇಶ. ಅದು ಗ್ರೀಕರ ಸಮುದ್ರದ ದೇವರು.
ಸೊಂಟದ ಮೇಲೆ ಮನುಷ್ಯ, ಕೆಳಗೆ ಮೀನು.
ಶಂಖ ಊದಿದರೆ ಅಲೆ ಏಳುತ್ತೆ,
ಇನ್ನೊಮ್ಮೆ ಊದಿದರೆ ಮಲಗುತ್ತೆ."
"ಹಂಗಾರೆ ನಮ್ ದಾಸಯ್ಯ ಅನ್ನಿ," ಅಂದೆ,
"ಜಾಗಟೆ ಒಂದಿಲ್ಲ."

ದೇವರ ಹೆಸರಲ್ಲವೇ, ತೆಗೆದಷ್ಟೂ ಮುಗಿಯದು ಎಂದು
ಕಂಡ ಕಂಡ ನೀರಿನ ಜೀವಕ್ಕೆಲ್ಲ ಇಟ್ಟರಂತೆ ಆಗಿನವರು.
ಆಮೇಲೆ ಕಾನೂನು ಬಂತಂತೆ:
ಒಂದು ಹೆಸರು ಒಂದೇ ಕುಲಕ್ಕೆ,
ಮೊದಲು ಪಡೆದವರದು ಹೆಸರು,
ಹಿಂದೆ ಬಂದವರು ಬೇರೆ ಹುಡುಕಿಕೊಳ್ಳಬೇಕು.
ನೋಡಿದರೆ ಇವೆರಡಕ್ಕೂ ಮೊದಲೇ
ಹಡಗಿನ ತಳ ಕಚ್ಚಿಕೊಂಡಿರುವ ಯಾವುದೋ ಚಿಪ್ಪಿನ ಹುಳ
ಅದನ್ನು ಪಡೆದುಕೊಂಡಿತ್ತು.
ಶಂಖಕ್ಕೂ ಇಲ್ಲ, ಬಾಲದ್ದಕ್ಕೂ ಇಲ್ಲ.

ಹೊಸ ಹೆಸರು ಎರಡನ್ನೂ ಬರೆದುಕೊಟ್ಟು
ಮೇಡಂ ತರಗತಿಗೆ ಹೋದರು.
ನಾನು ಮಸಿಯ ಬಾಟಲಿ ತೆರೆದು ಕೂತೆ.

ನನ್ನೂರು ವರುಣ.
ಮೈಸೂರಿಂದ ನರಸೀಪುರದ ದಾರಿ.
ಹೆಸರು ಸಮುದ್ರದ ದೇವರದು,
ಇರುವುದು ಒಂದು ಕೆರೆ, ತಡವಾಗಿ ಬಂದ ಒಂದು ನಾಲೆ.
ಆ ಕೆರೆಗೆ ಎಮ್ಮೆ ಮೈ ತೊಳೆಯಲು ಇಳಿದ
ಒಬ್ಬ ಮಾದೇಶ, ಏಳು ವರ್ಷದವನು.
ಎಮ್ಮೆ ಮನೆಗೆ ಬಂತು.

ಅವನಾದ ಮೇಲೆ ಹುಟ್ಟಿದವನು ನಾನು.
ಅವ್ವ ಬೇರೆ ಹೆಸರು ಹುಡುಕಲಿಲ್ಲ.
ಬೆಟ್ಟದ ಹರಕೆ ಇತ್ತೋ,
ನಾಲಿಗೆಗೆ ಅದೇ ರೂಢಿಯಾಗಿತ್ತೋ.
ಸಂಜೆ ಹಿತ್ತಿಲಲ್ಲಿ ನಿಂತು "ಮಾದೇಸಾ" ಎಂದು ಕೂಗಿದರೆ
ನಾನು ಜಗುಲಿಯಿಂದ "ಓ" ಅನ್ನುತ್ತಿದ್ದೆ.
ಅವಳು ಕೆರೆಯ ಕಡೆಗೇ ನೋಡುತ್ತಿದ್ದಳು
ಇನ್ನೂ ಒಂದು ಗಳಿಗೆ.

ಕಾನೂನು ಹಿಡಿದರೆ ಅದು ಅವನದು.
ನನಗೆ ಯಾರೂ ಬೇರೆ ಬರೆದುಕೊಡಲಿಲ್ಲ.

ಶಂಖದ ಚೀಟಿ ಉಗುರು ತಾಗಿಸಿದರೆ ಎದ್ದು ಬಂತು.
ಅತ್ತಿತ್ತ ನೋಡಿ ಒಮ್ಮೆ ಊದಿದೆ.
ತುದಿ ಕೊರೆದಿಲ್ಲ ಅದಕ್ಕೆ.
ಸದ್ದಿಲ್ಲ, ಮುಖಕ್ಕೆ ಅಷ್ಟು ಧೂಳು.

ಜಾಡಿಯದು ಬಿಸಿನೀರಿಗೂ ಬಿಡಲಿಲ್ಲ.
ಉಜ್ಜಿದೆ, ಸ್ವಲ್ಪ ಉಜ್ಜಿದೆ,
ಅದರ ಮೇಲೇ ಹೊಸದನ್ನು ಅಂಟಿಸಿದೆ.
ಎದುರಿನಿಂದ ಎಲ್ಲ ಸರಿಯಾಗಿದೆ.
ಹಿಂದಿನಿಂದ, ಆ ಹಳದಿ ನೀರಿನ ಆಚೆಯಿಂದ ನೋಡಿದರೆ
ಹಳೆಯ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ.

ತಪಾಸಣೆಗೆ ಬರುವವರು
ಆ ಕಡೆಯಿಂದ ನೋಡುವುದಿಲ್ಲ.