ಹೆಬ್ಬಟ್ಟು ಒಪ್ಪದ ಮ್ಯಾಲೆ

ರೇಷನ್ ಅಂಗಡಿ ಮಷಿನ್ನು ಮೊದಲ ಹೇಳಿತ್ತು:
ಈಕಿ ಈಕಿ ಅಲ್ಲ.
ಇಪ್ಪತ್ತೆರಡು ವರ್ಷ ಬ್ಯಾಡಗಿಯ ದಲಾಲಿ ಅಂಗಡ್ಯಾಗ
ಮೆಣಸಿನಕಾಯಿ ತೊಟ್ಟು ಮುರದು ಮುರದು
ಹೆಬ್ಬಟ್ಟಿನ ಗೆರಿ ಎಲ್ಲಾ ಡಬ್ಬಿಕಾಯಿ ಒಯ್ದಾವು.
ಈಗ ಫೋನೂ ಅದನ್ನೇ ಅಂತೈತಿ,
ಬೆರಳು ಒರಸಿ ಮತ್ತೊಮ್ಮೆ ಒತ್ತಿರಿ.
ಒರಸೂದು ಏನೈತಿ, ಘಾಟು ಒಳಗ ಇಳದೈತಿ.

ನಮ್ಮವ್ವಗ ಅಕ್ಷರ ಬರತಿದ್ದಿಲ್ಲ,
ಹೆಬ್ಬಟ್ಟು ಇತ್ತು.
ಎಲ್ಲಿ ಒತ್ತು ಅಂದ್ರ ಅಲ್ಲಿ ಒತ್ತಿದಳು,
ಹಂಗ ಹೋತು ಹಿತ್ತಲ ಜಾಗ.
ನನಗ ಅಕ್ಷರ ಅದಾವು, ಏಳನೇ ಇಯತ್ತೆ ತನಕ.
ಹೆಬ್ಬಟ್ಟಿಲ್ಲ.

ನೇತ್ರಾ ಕುಂತು ಹೇಳಿಕೊಟ್ಟಳು:
ಡೈರಿಗೆ ಪಾಸ್‌ವರ್ಡ್ ಇಡಬೇಕವ್ವ, ಎಂಟಕ್ಷರ ಆಗಬೇಕು,
ನಡುವ ಅಂಕಿ, ಒಂದು ಚುಕ್ಕಿ-ಗಿಕ್ಕಿ,
ಮಂದಿಗೆ ಗೊತ್ತಿರೂ ಹೆಸರು ಬ್ಯಾಡ, ಹುಟ್ಟಿದ ದಿನ ಬ್ಯಾಡ.
ನಾ ಹುಟ್ಟಿದ ದಿನ ಯಾರಿಗೆ ಗೊತ್ತೈತಿ ಅಂದೆ.
ನಕ್ಕಳು. ಆಮ್ಯಾಲೆ ತಾನಾಗಿ
ಗ್ವಾಡಿ ಕಡೆ ಮುಖ ತಿರುಗಿಸಿ ಕುಂತಳು
ನಾ ಒತ್ತಿ ಮುಗಿಸೂ ತನಕ.
ಸಿಟ್ಟಿಲ್ಲದ ಮುಖ ತಿರುಗಿಸಿದ್ದು
ಈ ಮನ್ಯಾಗ ನಾ ನೋಡಿದ್ದು ಅದ ಮೊದಲು.

ಹಿಂದ ಒಂದು ನೋಟಬುಕ್ಕಿತ್ತು, ಜ್ವಾಳದ ಚೀಲದಾಗ.
ನೆಗೆಣ್ಣಿ ತಗದು, ಕಟ್ಟಿ ಮ್ಯಾಲೆ ಕುಂತು, ರಾಗ ಎಳದು ಓದಿದಳು.
ಇವತ್ತು ಯಾರ ಮ್ಯಾಲೂ ಸಿಟ್ಟು ಬರಲಿಲ್ಲ, ಅಂತ ಬರದಿದ್ದೆ.
ಅದಕ್ಕೂ ನಕ್ಕರು.
ಬಚ್ಚಲ ಒಲಿಗೆ ನಾನ ಹಾಕಿದೆ.
ಆವತ್ತು ನೀರು ಛಲೋ ಕಾದಿದ್ದುವು.

ಈಗ ಬರದದ್ದೇನು ದೊಡ್ಡದಲ್ಲ.
ನನಗ ಜ್ವರ ಬಂದ ದಿನ ಮಾಬುನ್ನಿ
ತನ್ನ ಬುಟ್ಟಿ ನನ್ನ ತೂಕಕ್ಕ ಸುರುವಿದ್ದು.
ಮೋಟೆಬೆನ್ನೂರು ಕ್ರಾಸಿನ್ಯಾಗ ಒಬ್ಬಾಕಿನ ನಿಂತು
ಕಬ್ಬಿನ ಹಾಲು ಕುಡದದ್ದು, ಎರಡು ಗ್ಲಾಸು.
ಇನ್ನೊಂದೈತಿ.
ಅದನ್ನ ಇಲ್ಲಿ ಹೇಳಂಗಿಲ್ಲ.

ಸೀಜನ್ನಿನ ಗದ್ದಲದಾಗ ಇಪ್ಪತ್ತು ದಿನ ತಗೀಲಿಲ್ಲ.
ನಿನ್ನೆ ರಾತ್ರಿ ತಪ್ಪಿತು. ಮತ್ತ ತಪ್ಪಿತು.
ಸುಳಿವು ಬೇಕೇನು ಅಂತ ಫೋನು ಕೇಳಿತು.
ನಾನ ಬರದಿಟ್ಟ ಸುಳಿವು, ನನಗ ಬರದಿಟ್ಟದ್ದು:
ನೀ ನಕ್ಕ ದಿನ.

ಯಾವುದು?
ದೀಪ ಆರಿಸಿ ಕುಂತೆ.
ಎಣಿಸೂದೇನು, ಒಂದೋ ಎರಡೋ ಇದ್ದಾವು ಅಂದ್ಕೊಂಡಿದ್ದೆ.
ನೇತ್ರಾನ ಮೊದಲ ಹಲ್ಲು. ಕರೆಂಟು ಹೋದಾಗ ದಲಾಲಿ
ಚೀಲದ ಮ್ಯಾಲೆ ಬಿದ್ದು, ಚೀಲಕ್ಕ ಬೈದದ್ದು.
ಕಬ್ಬಿನ ಹಾಲು ಮೂಗಿಗೇರಿದ್ದು.
ಒಂದು ಹಿಡದ್ರ ಇನ್ನೊಂದು ಜೋತಾಡಿಕೊಂಡ ಬರತೈತಿ.

ಡೈರಿ ಇನ್ನೂ ತಗದಿಲ್ಲ.
ಒಂದು ಸರತಿ ಉಳದೈತಿ.
ಇರಲಿ ಬಿಡು.