ಹನ್ನೆರಡು ಮೊಳ

ಈ ನೆಲಕ್ಕೆ ನಾನು ಕೆಲಸಕ್ಕೆ ಬಂದಿದ್ದು ಇದು ಮೂರನೇ ಸಲ.

ಮೊದಲ ಸಲ ಇನ್ನೂ ಮೀಸೆ ಬಂದಿರಲಿಲ್ಲ.
ಕುಂಸಿ ದಾಟಿ, ರೈಲುಹಳಿಯ ಬಲಕ್ಕೆ,
ಹೊನ್ನೆ, ಮತ್ತಿ, ನಂದಿ, ಹೆಸರೇ ಗೊತ್ತಿಲ್ಲದ ಬಳ್ಳಿ.
ಅಪ್ಪ ಒಂದು ಕಡೆ, ನಾನೊಂದು ಕಡೆ,
ನಡುವೆ ಗರಗಸ ಹೋಗಿ ಬರುತ್ತಿತ್ತು
ಮಾತಿನ ಹಾಗೆ. ಬೇರೆ ಮಾತು ನಮ್ಮಲ್ಲಿ ಕಡಿಮೆ.

ಎರಡನೇ ಸಲ ತಲೆಯ ಮೇಲೆ ಅಕೇಶಿಯಾ ಸಸಿಯ ಬುಟ್ಟಿ.
ಕಾಗದಕ್ಕಂತೆ. ಗುಂಡಿಗೆ ಎಂಟಾಣೆ.
ಮೇಸ್ತ್ರಿ ಹಗ್ಗ ಹಿಡಿದು ಸಾಲು ನೋಡುತ್ತಿದ್ದ;
ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತಂತೆ ಬೆಳೆಯಿತು ಕಾಡು.
ಅದರಡಿ ಹುಲ್ಲು ಹುಟ್ಟಲಿಲ್ಲ.
ಕುಡುಗೋಲಿನಂಥ ಎಲೆ ಉದುರಿ ಉದುರಿ
ಕೊಳೆಯದೆ ಬಿದ್ದಿತ್ತು.

ಈಗ ಶಮೀಮಾ ಕರೆದಿದ್ದಾಳೆ.
"ಮರ ಬೇಡ ಕೆರಿಯಣ್ಣ, ಹುಲ್ಲು ಬೇಕು."
ಅವಳಪ್ಪ ಶಿವಮೊಗ್ಗ ಸ್ಟೇಷನ್ನಿನೆದುರು ಜಟಕಾ ನಿಲ್ಲಿಸುತ್ತಿದ್ದವನು,
ಆಟೋ ಬಂದ ಮೇಲೆ ಮದುವೆಗೆ ಕುದುರೆ ಬಾಡಿಗೆ ಬಿಟ್ಟವನು.
ಅವನು ಉಳಿಸಿ ಹೋದದ್ದು ಒಂದು ಪೆಟ್ಟಿಗೆ ಜರಿ,
ಮೂರು ಕುದುರೆ: ಡಾಂಬರು ತಿಂದ ಗೊರಸು,
ಪಟಾಕಿ ತಿಂದ ಕಿವಿ. ಬಿಜಲಿಗಂತೂ
ಬಲಗಣ್ಣು ಹಾಲಿನ ಬಿಲ್ಲೆ.
ಕೇರಿಯ ಮನೆ ಮಾರಿ ಮೂರೂಕಾಲು ಎಕರೆ ಕೊಂಡಳು.
ಮಲೆನಾಡಿನ ಜೌಗಲ್ಲಿ ಕುದುರೆಯಾ, ಅಂತ ನಕ್ಕರು ಜನ.
"ಹಾಗಾದ್ರೆ ಕೆಳದಿಯವರು ದಂಡಿಗೆ
ಕತ್ತೆ ಹತ್ತಿ ಹೋಗ್ತಿದ್ರಾ?" ಅಂದಳು.

ಬೊಡ್ಡೆ ಕೀಳುವುದು ಹಲ್ಲು ಕಿತ್ತ ಹಾಗಲ್ಲ.
ಜೇಸಿಬಿ ಎರಡು ದಿನ ಬಂದು ಮೇಲಿನದನ್ನು ಮಗುಚಿ ಹೋಯಿತು,
ಉಳಿದದ್ದಕ್ಕೆ ಹಾರೆ, ಪಿಕಾಸಿ, ಬೆನ್ನು.
ಲಂಟಾನವನ್ನು ಮಾತ್ರ ಒಂದೆಲೆ ಬಿಡದೆ ಆಯಬೇಕು,
ಕುದುರೆಗದು ವಿಷ. ವಾರವಿಡೀ ಕೈಯಲ್ಲಿ ಅದರದೇ ವಾಸನೆ,
ಅನ್ನದಲ್ಲೂ.
ಹುಳಿಮಣ್ಣಿಗೆ ಸುಣ್ಣ ಎರಚಿ, ಹುಬ್ಬು ಬೆಳ್ಳಗಾಗಿ,
ಒಂದು ಸಂಜೆ ಅವಳೂ ನನ್ನಷ್ಟೇ ಮುದುಕಿಯಾದಳು.
ತುಂಗಾ ಚಾನಲ್ಲಿನ ಏರಿಯಿಂದ ಗರಿಕೆ ತಂದು
ಗೇಣಿಗೊಂದು ಚುಚ್ಚಿದೆವು.

ನಾಲ್ಕನೇ ಸಾಲಿನಾಚೆ ಎಲೆಯ ರಾಶಿ ಸರಿಸಿದಾಗ
ಹಳೆಯ ಬೊಡ್ಡೆಯೊಂದು, ಊಟದ ಮಣೆಯಷ್ಟಗಲ,
ಪಕ್ಕದಿಂದೆದ್ದ ಚಿಗುರು ಎರಡಾಳೆತ್ತರ.
ಕತ್ತಿಯ ಮೊನೆಯಿಂದ ಗೀರಿದೆ. ಕೆಂಪಗೆ ಒಸರಿತು.
ಹೊನ್ನೆ.
ಬೊಡ್ಡೆಯ ಮೇಲೆ ಗರಗಸ ಓರೆ ಹೋದ ಗುರುತು,
ನನ್ನ ಕಡೆಯಿಂದ.
"ಸಮ ಎಳಿಯೋ" ಅಂತ ಅಪ್ಪ ಬೈದಿದ್ದ ದಿನ.
ಶಮೀಮಾಗೆ ಇದನ್ನು ಹೇಳಲಿಲ್ಲ.
"ಹೊನ್ನೆ ಇದು, ಕಡಿದರೆ ಗಾರ್ಡು ಕೇಸು ಹಾಕ್ತಾನೆ" ಅಂದೆ.
ಅದೂ ಸುಳ್ಳಲ್ಲ.
"ಇರಲಿ ಬಿಡಿ, ಬಿಜಲೀನ ಕಟ್ಟೋಕಾಯ್ತು."

ಬೇಲಿ ಮುಗಿಯುವ ತನಕ ಕಟ್ಟಿದ್ದು ಅದಕ್ಕೇ,
ಹನ್ನೆರಡು ಮೊಳದ ಹಗ್ಗದಲ್ಲಿ.

ಹಗ್ಗ ಬಿಚ್ಚಿದ ದಿನ ಎರಡು ಕುದುರೆ ಹೋದವು.
ಓಡಿದವು ಅನ್ನಲಾರೆ,
ಓಡುವುದನ್ನು ನೆನಪು ಮಾಡಿಕೊಂಡವು.
ಬಿಜಲಿ ಹನ್ನೆರಡು ಮೊಳ ನಡೆದು ನಿಂತಿತು.
ಮೇಯುತ್ತ ಒಂದು ಸುತ್ತು ಬಂತು. ಮತ್ತೊಂದು ಸುತ್ತು.
ಇಲ್ಲದ ಹಗ್ಗಕ್ಕೆ ಕತ್ತು ಜಗ್ಗಿ
ಆಚೆಯ ಹಸಿರಿಗೆ ತುಟಿ ಚಾಚಿತು, ಅಷ್ಟೇ.
ತಿಂಗಳಾಯಿತು. ಹೊನ್ನೆಯ ಸುತ್ತ
ಕೈವಾರದಲ್ಲಿ ಎಳೆದಂತೆ ಬೋಳು ವೃತ್ತ;
ಗೆರೆಯಾಚೆ ಮೊಣಕಾಲುದ್ದ ಹುಲ್ಲು, ಅಲ್ಲಲ್ಲಿ
ಸೋಲೊಪ್ಪದ ಅಕೇಶಿಯಾ ಚಿಗುರು.

"ಹೋಗೇ ಹುಚ್ಚಿ, ಎಲ್ಲಾ ನಿಂದೇ" ಅಂತ ಶಮೀಮಾ
ಹಿಂದಿನಿಂದ ತಳ್ಳುತ್ತಾಳೆ, ನಗುತ್ತಾಳೆ.
ಆಮೇಲೆ ನಗುವುದಿಲ್ಲ.

ನಿನ್ನೆ ನೀರಿನ ಬಕೆಟ್ಟು ಹಿಡಿದು ದಾಟುತ್ತಿದ್ದೆ.
"ಯಾಕಣ್ಣಾ ಅಲ್ಲಿ ಬಗ್ಗಿ ನಡೀತೀರಿ?" ಅಂತ ಕೂಗಿದಳು.
ತಲೆಯೆತ್ತಿದರೆ ಬರೀ ಆಕಾಶ.
ಮೊದಲ ಸಲ ಬಂದಾಗ ಅಲ್ಲೊಂದು ಮತ್ತಿಯ ಕೊಂಬೆಯಿತ್ತು,
ಅಪ್ಪನ ಹಣೆಗೆ ತಾಗಿತ್ತು.
"ಸೊಂಟ" ಅಂದೆ.
ಬಕೆಟ್ಟನ್ನು ಬಿಜಲಿಯ ವೃತ್ತದೊಳಗೆ ಇಟ್ಟೆ.
ಎರಡು ಹೆಜ್ಜೆ ಹೋದವನು ವಾಪಸು ಬಂದು
ಗೆರೆಯಿಂದ ಒಂದು ಗೇಣು ಆಚೆಗೆ ಸರಿಸಿದೆ.