ದೀಪ ಹಿಡಿದವಳು

ಅಡುಗೆಮನೆ ಮೇಜಿಗೆ ಹಳೆಯ ಪೇಪರು ಹಾಸಿ
ಡುಗಾಲ್ಡ್ ಬಂದೂಕಿಗೆ ದೀಪ ಕೂರಿಸುತ್ತಿದ್ದಾನೆ.
ಗುಂಡು ತೆಗೆದು, ಬೋಲ್ಟು ಬಿಚ್ಚಿ
ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದಾನೆ.
ದುರ್ಬೀನಿನ ಬೆನ್ನಿಗೊಂದು ಉಂಗುರ,
ಉಂಗುರಕ್ಕೆ ಎರಡು ತಿರುಪು,
ಅಲ್ಲಿಂದ ಸುರುಳಿ ವಯರು, ಹೆಬ್ಬೆರಳಿಗೆ ಸಿಗುವ ಸ್ವಿಚ್ಚು.
ಕನ್ನಡಕ ಮೂಗಿನ ತುದಿಗೆ ಜಾರಿದೆ.
“ಓದಿ ಹೇಳೆ” ಅನ್ನುತ್ತಾನೆ, ಚೀಟಿ ಚಾಚಿ.
ಓದುತ್ತೇನೆ: ತೀರ ಬಿಗಿಯಬೇಡಿ, ಎಳೆ ಕೆಡುತ್ತದೆ.

ಇಪ್ಪತ್ತಮೂರು ಚಳಿಗಾಲ ಆ ಉಂಗುರ ನಾನಾಗಿದ್ದೆ.
ಆ ಎರಡು ತಿರುಪೂ ನಾನೇ.

ಪಿಕಪ್ಪಿನ ಹಿಂದೆ, ಕಂಬಿಗೆ ಸೊಂಟ ಆನಿಸಿ,
ಎರಡು ಸ್ವೆಟರಿನ ಮೇಲೆ ಮಾವನ ಕೋಟು ಹೇರಿಕೊಂಡು
ಬಿಂದಿಗೆಯಷ್ಟು ದೊಡ್ಡ ದೀಪ ಎತ್ತಿ
ಬೀಸುತ್ತಿದ್ದೆ, ಮಾನಿಯಾಟೋಟೋ ಬಯಲಿನ ಆ ಗುಡ್ಡಕ್ಕೆ
ಸುಣ್ಣ ಹೊಡೆದ ಹಾಗೆ, ಒಂದು ಪಟ್ಟೆ, ಮತ್ತೊಂದು ಪಟ್ಟೆ.

ಕಣ್ಣುಗಳನ್ನು ಓದಲು ಕಲಿತದ್ದು ಆಗ.
ಕುರಿಯದು ಹಸಿರು ಬಿಳುಪು, ಗುಂಪಿನಲ್ಲಿ, ಸೋಮಾರಿ.
ಬೆಕ್ಕಿನದು ಒಮ್ಮೆ ಧಗ್ಗೆಂದು ಆರಿಹೋಗುತ್ತದೆ.
ಪಾಸಮ್ಮಿನದು ಕೆಂಡ, ಮರದ ಮೇಲೆ.
ಮೊಲದ್ದು ಹೆಚ್ಚಾಗಿ ಒಂದೇ ಕಣ್ಣು,
ನೆಲದಿಂದ ಗೇಣು ಮೇಲೆ, ದಾಳಿಂಬೆ ಕಾಳು.
ಮನುಷ್ಯರದು ಹೊಳೆಯುವುದೇ ಇಲ್ಲ.

“ಅಲ್ಲಿ” ಅನ್ನುತ್ತಿರಲಿಲ್ಲ ನಾನು. ನಿಲ್ಲಿಸುತ್ತಿದ್ದೆ, ಅಷ್ಟೆ.
ಬೆಳಕು ನಿಂತಲ್ಲಿ ಅವನ ಗುಂಡು.
ನಾವಿಬ್ಬರೂ ಜಗಳವಾಡದೆ ಇದ್ದದ್ದೇನಾದರೂ ಇದ್ದರೆ ಆ ಕತ್ತಲಲ್ಲಿ.

ಅಯ್ಯೋ ಪಾಪ ಅನ್ನಬೇಡಿ.
ಹತ್ತು ಮೊಲ ಸೇರಿ ಒಂದು ಕುರಿಯ ಮೇವು ಮುಗಿಸುತ್ತವೆ.
ಅವನಜ್ಜನ ಕಾಲಕ್ಕೆ ಗುಡ್ಡ ಪೂರಾ ಬೋಳಾಗಿ
ಮಣ್ಣೆದ್ದು ಕಿಟಕಿ ಹಾದು
ಊಟದ ತಟ್ಟೆಯಲ್ಲಿ ಕೂತಿತ್ತಂತೆ.
ನಾನೂ ಸುಲಿದಿದ್ದೇನೆ, ಎಣಿಸಿದ್ದೇನೆ,
ಒಂದೇ ರಾತ್ರಿಗೆ ನೂರ ನಲವತ್ತು.

ಆದರೂ ಒಂದು ಮಾತು ಅವನಿಗೆ ಹೇಳಿಲ್ಲ.
ಕೆಲವು ಸಲ ನನ್ನ ಕೈ ಜಾರುತ್ತಿತ್ತು. ಬೇಕೆಂದೇ.
ಹೆಬ್ಬೆರಳಷ್ಟು ಆಚೆ.
ಒಮ್ಮೆ ಕೂತು ಮುಖ ತೊಳೆಯುತ್ತಿದ್ದ ಒಂದಕ್ಕೆ,
ಒಮ್ಮೆ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಲ್ಲಿ ಎದ್ದು ನಿಂತು
ನನ್ನ ಉಸಿರನ್ನೇ ಆಲಿಸುತ್ತಿದ್ದ ಇನ್ನೊಂದಕ್ಕೆ,
ಒಮ್ಮೆ, ನಿಜ ಹೇಳಬೇಕೆಂದರೆ,
ಬರೀ ಕಾಲು ಮರಗಟ್ಟಿ ಮನೆಗೆ ಹೋಗಬೇಕಿತ್ತು.
“ಏನೂ ಇಲ್ಲ” ಅನ್ನುತ್ತಿದ್ದೆ. ಅವನು ಗೇರು ಹಾಕುತ್ತಿದ್ದ.
ಕತ್ತಲು ಹಿಂದಿನಿಂದ ಬಂದು
ಮುಚ್ಚಳದಂತೆ ಅದರ ಮೇಲೆ ಕೂರುತ್ತಿತ್ತು.

ಮೇ ತಿಂಗಳಲ್ಲಿ ಡನೀಡನ್ನಿನಲ್ಲಿ ಭುಜಕ್ಕೆ ಆಪರೇಷನ್ನು.
ಬಲಗೈ ಈಗ ಕಿವಿಯವರೆಗೂ ಏರದು.
“ಒಬ್ಬನೇ ಹೋಗ್ತೀನಿ ಬಿಡು” ಅಂದ,
ಪಾರ್ಸೆಲ್ಲು ತರಿಸಿದ.

ಅಂಗೈಯಷ್ಟು ದೀಪ. ಮೊಲಕ್ಕೆ ಅಳುಕಾಗದಿರಲೆಂದು ಕೆಂಪು ಗಾಜು.
ನಳಿಗೆ ತಿರುಗಿದತ್ತ ಬೆಳಕು.
ಅಂದರೆ ಸುಮ್ಮನೆ ನೋಡಲಿಕ್ಕೂ ನಳಿಗೆ ತಿರುಗಬೇಕು:
ಗೇಟು ಹಾಕಿದೆಯೆ, ಗುರಿಯಿಡು.
ನಾಯಿ ಎಲ್ಲಿ ಹೋಯಿತು, ಗುರಿಯಿಡು.
ಬೇಲಿಯ ಹತ್ತಿರ ಯಾರೋ ನಿಂತ ಹಾಗಿದೆ
ಚೀಟಿಯ ಕೊನೆಯ ಸಾಲು ಓದಿದೆ:
ಹುಡುಕಲು ಬೇರೆ ಟಾರ್ಚು ಇಟ್ಟುಕೊಳ್ಳಿ,
ಏನೆಂದು ತಿಳಿದ ಮೇಲೆ ಬಂದೂಕೆತ್ತಿ.
ಹಾಗಂತ ಅಲ್ಲಿ ಬರೆದಿರಲಿಲ್ಲ.
ಓದುವ ದನಿಯಲ್ಲೇ ಓದಿದೆ. ಅವನು ತಲೆಯಾಡಿಸಿದ.

ರಾತ್ರಿ ಸಿಂಕಿನ ಮೇಲಿನ ಕಿಟಕಿಯಿಂದ ನೋಡಿದೆ.
ಗುಡ್ಡದಲ್ಲೊಂದು ಕೆಂಪು ಬೆರಳು ತಡಕಾಡುತ್ತಿತ್ತು.
ನಿಲ್ಲುವುದು. ಟಪ್. ಮತ್ತೆ ಹೊರಡುವುದು.
ಹನ್ನೊಂದರ ತನಕ ಎಣಿಸಿದೆ.
ಆಮೇಲೆ ಒಂದು ಕಡೆ ನಿಂತಿತು, ಬಹಳ ಹೊತ್ತು,
ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು.

ಬಂದಾಗ ಒಂದೂವರೆ. ಟೀ ಕೊಟ್ಟೆ.
“ಹನ್ನೊಂದಾದ ಮೇಲೆ ಒಮ್ಮೆ ನಿಂತೆಯಲ್ಲ?”
“ಏನೂ ಇರಲಿಲ್ಲ” ಅಂದ, ಬೂಟು ಬಿಚ್ಚುತ್ತ,
ನನ್ನ ಕಡೆ ನೋಡದೆ.
ತಿರುಪೊಂದು ಸಡಿಲಾಗಿದೆ, ಕೀಲಿ ಎಲ್ಲಿಟ್ಟೆ ಅಂದ.
ಕೊಟ್ಟೆ, ಎಡಗೈಯಲ್ಲಿ.